ಅಮೆರಿಕದ ಕೌಂಟಿ ಕಚೇರಿಯಲ್ಲಿ ಆಸ್ತಿಪತ್ರ: ಹುಡುಕಲು ಯಾವ ದಾರಿ, ದಾಖಲಿಸಲು ಯಾವ ದಾರಿ

ಅಮೆರಿಕದಲ್ಲಿ ಸಾಲ ಪಡೆದು ಮನೆ ಕೊಂಡ ಅನೇಕ ಕನ್ನಡಿಗರು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಕಚೇರಿಯ ಮೆಟ್ಟಿಲನ್ನೇ ಹತ್ತಿರುವುದಿಲ್ಲ, ಏಕೆಂದರೆ ಡೀಡ್, ಅಂದರೆ ಆಸ್ತಿಪತ್ರ, ಸಿದ್ಧಪಡಿಸುವುದರಿಂದ ಹಿಡಿದು ಅದನ್ನು ದಾಖಲಿಸುವವರೆಗಿನ ಕೆಲಸವನ್ನೆಲ್ಲ ಹಕ್ಕುದಾಖಲೆಗಳನ್ನು ಶೋಧಿಸಿ ವಿಮೆ ಮಾಡುವ ಟೈಟಲ್ ಕಂಪನಿಯೋ, ಮಾರಾಟದ ಹಣ ಮತ್ತು ಪತ್ರಗಳನ್ನು ಮಧ್ಯಸ್ಥವಾಗಿ ಇಟ್ಟುಕೊಳ್ಳುವ ಎಸ್ಕ್ರೋ ಕಚೇರಿಯೋ, ವಕೀಲರೋ ಮುಗಿಸಿಕೊಡುತ್ತಾರೆ. ಆ ಕಚೇರಿಯ ಅಗತ್ಯ ಬೀಳುವುದು ಕೆಲವು ವರ್ಷಗಳ ನಂತರ. ಮನೆಯನ್ನು ಲಿವಿಂಗ್ ಟ್ರಸ್ಟಿಗೆ (ಬದುಕಿರುವಾಗಲೇ ಆಸ್ತಿಗಾಗಿ ಮಾಡಿಕೊಳ್ಳುವ ಟ್ರಸ್ಟ್) ವರ್ಗಾಯಿಸಬೇಕಾದಾಗ, ಮದುವೆಯಾದ ಮೇಲೆ ಪತಿಯ ಅಥವಾ ಪತ್ನಿಯ ಹೆಸರು ಸೇರಿಸಬೇಕಾದಾಗ, ಸಾಲ ತೀರಿದ್ದು ದಾಖಲೆಯಲ್ಲಿ ಬಂದಿದೆಯೇ ಎಂದು ನೋಡಬೇಕಾದಾಗ, ಅಥವಾ ಜಂಟಿ ಮಾಲೀಕರಲ್ಲಿ ಒಬ್ಬರು ತೀರಿಕೊಂಡಾಗ ಹಳೆಯ ಪತ್ರವನ್ನು ಹುಡುಕಿ ಹೊಸದನ್ನು ದಾಖಲಿಸುವ ಹೊಣೆ ನೇರವಾಗಿ ಮನೆಯವರ ಮೇಲೆ ಬರುತ್ತದೆ. ಎರಡೂ ಕೆಲಸಗಳಿಗೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಖರ್ಚಿನಲ್ಲಿ ಅವುಗಳ ನಡುವೆ ಇರುವ ಅಂತರಕ್ಕಿಂತ ಹೊಣೆಗಾರಿಕೆಯಲ್ಲಿ ಇರುವ ಅಂತರ ದೊಡ್ಡದು. ತಪ್ಪಾದರೆ ಅದನ್ನು ಯಾರು ಗುರುತಿಸುತ್ತಾರೆ, ನಷ್ಟವನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಆಯ್ಕೆ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಈ ಪ್ರಶ್ನೆ ಏಕೆ ಮುಖ್ಯವೆಂಬುದು ಕರ್ನಾಟಕದ ಪದ್ಧತಿಯ ಪಕ್ಕದಲ್ಲಿಟ್ಟು ನೋಡಿದರೆ ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಕ್ರಯಪತ್ರವನ್ನು ಬರೆದುಕೊಟ್ಟವರೂ ಬರೆಸಿಕೊಂಡವರೂ ಸಾಕ್ಷಿಗಳೊಂದಿಗೆ ಉಪನೋಂದಣಾಧಿಕಾರಿಯ ಮುಂದೆ ಹಾಜರಾಗಿ, ಫೋಟೋ ಮತ್ತು ಹೆಬ್ಬೆಟ್ಟಿನ ಗುರುತು ಕೊಟ್ಟು, ಮುದ್ರಾಂಕ ಶುಲ್ಕ ಸರಿಯಾಗಿದೆಯೆಂದು ಅವರು ಒಪ್ಪಿದ ಮೇಲಷ್ಟೇ ನೋಂದಣಿ ನಡೆಯುತ್ತದೆ. ಬರೆದ ದಿನದಿಂದ ನಾಲ್ಕು ತಿಂಗಳೊಳಗೆ ಪತ್ರವನ್ನು ಹಾಜರುಪಡಿಸಬೇಕೆಂದು 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ಅಮೆರಿಕದ ಕೌಂಟಿ ಕಚೇರಿಯಲ್ಲಿ ಈ ಯಾವುದೂ ಇಲ್ಲ. ಬರೆದುಕೊಟ್ಟವರು ನೋಟರಿಯ ಮುಂದೆ ಸಹಿ ಮಾಡಿರುತ್ತಾರೆ. ಪಡೆಯುವವರು ಸಾಮಾನ್ಯವಾಗಿ ಸಹಿಯನ್ನೇ ಹಾಕುವುದಿಲ್ಲ. ಕಚೇರಿಗೆ ಇಬ್ಬರೂ ಬರಬೇಕಾಗಿಲ್ಲ. ರೆಕಾರ್ಡರ್, ಅಂದರೆ ಪತ್ರಗಳನ್ನು ದಾಖಲಿಸಿಕೊಳ್ಳುವ ಅಧಿಕಾರಿ, ನೋಡುವುದು ಪತ್ರದ ಹೊರರೂಪವನ್ನು ಮಾತ್ರ: ಸಹಿ ಇದೆಯೇ, ನೋಟರಿಯ ದೃಢೀಕರಣ ನಿಗದಿತ ಮಾತುಗಳಲ್ಲಿದೆಯೇ, ಪುಟದ ಅಳತೆ ಮತ್ತು ಅಂಚು ಸರಿಯಾಗಿವೆಯೇ, ಶುಲ್ಕವೂ ತೆರಿಗೆ ನಮೂನೆಗಳೂ ಜೊತೆಗಿವೆಯೇ ಎಂಬಷ್ಟನ್ನು. ಮಾರಿದವನಿಗೆ ಆ ಮನೆಯ ಮೇಲೆ ಹಕ್ಕಿತ್ತೇ ಎಂದು ಅವರು ವಿಚಾರಿಸುವುದಿಲ್ಲ. ವಿಚಾರಿಸುವ ಅಧಿಕಾರವೂ ಅವರಿಗಿಲ್ಲ. ಆದ್ದರಿಂದ ದಾಖಲಾಗಿದೆ ಎಂದಮಾತ್ರಕ್ಕೆ ಪತ್ರ ಸಿಂಧುವೆಂದು ಭಾವಿಸಬಾರದು.

ಹಾಗಾದರೆ ದಾಖಲಿಸುವುದರಿಂದ ಸಿಗುವುದೇನು? ಕೊಟ್ಟವರ ಮತ್ತು ಪಡೆದವರ ನಡುವೆ ಡೀಡ್ ಸಹಿಯಾಗಿ ಕೈ ಸೇರಿದಾಗಲೇ ಹಕ್ಕು ವರ್ಗಾವಣೆಯಾಗುತ್ತದೆ. ದಾಖಲಾತಿಯು ಮೂರನೆಯವರಿಗೆ ಕೊಡುವ ತಿಳಿವಳಿಕೆ. ಅದೇ ಮನೆಯನ್ನು ಇನ್ನೊಬ್ಬರಿಗೂ ಬರೆದುಕೊಟ್ಟಿದ್ದರೆ ಯಾರ ಹಕ್ಕು ನಿಲ್ಲುತ್ತದೆ ಎಂಬುದನ್ನು ರಾಜ್ಯದ ಕಾನೂನು ತೀರ್ಮಾನಿಸುತ್ತದೆ. ಉತ್ತರ ಕ್ಯಾರೊಲೈನಾದಲ್ಲಿ ಮೊದಲು ದಾಖಲಿಸಿದವರು ಗೆಲ್ಲುತ್ತಾರೆ. ಟೆಕ್ಸಸ್‌ನಲ್ಲಿ ಹಿಂದಿನ ಮಾರಾಟದ ಸುಳಿವಿಲ್ಲದೆ ಹಣ ಕೊಟ್ಟು ಕೊಂಡವರಿಗೆ ರಕ್ಷಣೆಯಿದೆ. ಕ್ಯಾಲಿಫೋರ್ನಿಯ, ನ್ಯೂಯಾರ್ಕ್, ನ್ಯೂಜೆರ್ಸಿ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ ಸುಳಿವಿಲ್ಲದೆ ಕೊಂಡಿರಲೂ ಬೇಕು, ಮೊದಲು ದಾಖಲಿಸಿರಲೂ ಬೇಕು. ಎಲ್ಲಿಯೇ ಆದರೂ ಸಹಿಯಾದ ಪತ್ರವನ್ನು ಬೀರುವಿನಲ್ಲಿಟ್ಟು ಮರೆಯುವುದು ಅಪಾಯ ತರುವ ಕೆಲಸ.

ಮೊದಲು ಸರಿಯಾದ ಕಚೇರಿ

ಇಡೀ ದೇಶಕ್ಕೆ ಒಂದೇ ನೋಂದಣಿ ಪುಸ್ತಕವಿಲ್ಲ. ಮೂರು ಸಾವಿರಕ್ಕೂ ಹೆಚ್ಚಿರುವ ಕೌಂಟಿಗಳು ತಮ್ಮ ತಮ್ಮ ದಾಖಲೆಗಳನ್ನು ತಾವೇ ಇಟ್ಟುಕೊಳ್ಳುತ್ತವೆ, ಕಚೇರಿಯ ಹೆಸರೂ ಊರಿಂದೂರಿಗೆ ಬದಲಾಗುತ್ತದೆ. ಕ್ಯಾಲಿಫೋರ್ನಿಯದಲ್ಲಿ ಕೌಂಟಿ ರೆಕಾರ್ಡರ್ ಅಥವಾ ಕ್ಲರ್ಕ್-ರೆಕಾರ್ಡರ್, ಟೆಕ್ಸಸ್‌ನಲ್ಲಿ ಕೌಂಟಿ ಕ್ಲರ್ಕ್, ಉತ್ತರ ಕ್ಯಾರೊಲೈನಾದಲ್ಲಿ ರಿಜಿಸ್ಟರ್ ಆಫ್ ಡೀಡ್ಸ್, ಜಾರ್ಜಿಯದಲ್ಲಿ ಸುಪೀರಿಯರ್ ಕೋರ್ಟಿನ ಕ್ಲರ್ಕ್. ಕನೆಕ್ಟಿಕಟ್, ರೋಡ್ ಐಲೆಂಡ್ ಮತ್ತು ವರ್ಮಾಂಟ್‌ಗಳಲ್ಲಿ ಕೌಂಟಿಯ ಮಾತೇ ಇಲ್ಲ, ಪಟ್ಟಣದ ಕ್ಲರ್ಕ್ ಬಳಿ ಹೋಗಬೇಕು. ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ ಪ್ರತ್ಯೇಕವಾಗಿದ್ದ ರೆಕಾರ್ಡರ್ ಕಚೇರಿ 2020ರ ಡಿಸೆಂಬರಿನಲ್ಲಿ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ವಿಲೀನವಾಯಿತು.

ಬೇರೆ ಕೌಂಟಿಯಲ್ಲಿ ದಾಖಲಾದ ಡೀಡ್ ಯಾರಿಗೂ ತಿಳಿವಳಿಕೆ ಕೊಟ್ಟಂತೆ ಆಗುವುದಿಲ್ಲವಾದ್ದರಿಂದ ಅಂಚೆ ವಿಳಾಸವನ್ನು ನಂಬಿ ಕಚೇರಿಯನ್ನು ಊಹಿಸಬಾರದು. ಮಿಲ್ಪಿಟಾಸ್ ಸಾಂಟಾ ಕ್ಲಾರಾ ಕೌಂಟಿಗೆ ಸೇರಿದ್ದರೆ ಪಕ್ಕದ ಫ್ರೀಮಾಂಟ್ ಅಲಮೀಡಾಕ್ಕೆ ಸೇರಿದೆ. ಡಬ್ಲಿನ್ ಅಲಮೀಡಾದಲ್ಲಿದ್ದರೆ ಅದಕ್ಕೆ ಅಂಟಿಕೊಂಡ ಸ್ಯಾನ್ ರಮೋನ್ ಕಾಂಟ್ರಾ ಕೋಸ್ಟಾದಲ್ಲಿದೆ. ಟೆಕ್ಸಸ್‌ನ ಫ್ರಿಸ್ಕೋ ನಗರವು ಕಾಲಿನ್ ಮತ್ತು ಡೆಂಟನ್ ಎಂಬ ಎರಡು ಕೌಂಟಿಗಳಲ್ಲಿ ಹಂಚಿಹೋಗಿದೆ. ಮ್ಯಾಸಚೂಸೆಟ್ಸ್‌ನ ಮಿಡ್ಲ್‌ಸೆಕ್ಸ್ ಎಂಬ ಒಂದೇ ಕೌಂಟಿಗೆ ಎರಡು ರಿಜಿಸ್ಟ್ರಿಗಳಿದ್ದು, ಲೆಕ್ಸಿಂಗ್ಟನ್ನಿನ ಪತ್ರಗಳು ಕೇಂಬ್ರಿಜ್‌ನಲ್ಲಿರುವ ದಕ್ಷಿಣ ರಿಜಿಸ್ಟ್ರಿಯಲ್ಲೂ ವೆಸ್ಟ್‌ಫರ್ಡಿನ ಪತ್ರಗಳು ಲೋವೆಲ್‌ನ ಉತ್ತರ ರಿಜಿಸ್ಟ್ರಿಯಲ್ಲೂ ಇರುತ್ತವೆ. ಆಸ್ತಿ ತೆರಿಗೆಯ ಬಿಲ್ಲಿನ ತಲೆಬರಹದಲ್ಲಿ ಕೌಂಟಿಯ ಹೆಸರಿದ್ದರೆ ಅದನ್ನು ನಂಬಬಹುದು.

ಹುಡುಕುವ ಮೂರು ದಾರಿಗಳು

ಪತ್ರ ಹುಡುಕಲು ಕೌಂಟಿಯ ಜಾಲತಾಣವಿದೆ, ಕಚೇರಿಯ ಕೌಂಟರ್ ಇದೆ, ಹಣ ಕೊಟ್ಟು ಟೈಟಲ್ ಕಂಪನಿಯಿಂದ ಹುಡುಕಿಸುವ ದಾರಿಯೂ ಇದೆ.

ಜಾಲತಾಣದಲ್ಲಿ ಏನು ಕಾಣುತ್ತದೆ ಎಂಬುದು ರಾಜ್ಯವನ್ನು ಅವಲಂಬಿಸಿದೆ. ಮ್ಯಾಸಚೂಸೆಟ್ಸ್‌ನ ಭೂದಾಖಲೆ ತಾಣದಲ್ಲಿ ಪತ್ರದ ಪುಟಗಳನ್ನೇ ಉಚಿತವಾಗಿ ಓದಬಹುದು. ನ್ಯೂಯಾರ್ಕ್ ನಗರದ ಅಕ್ರಿಸ್ ವ್ಯವಸ್ಥೆಯಲ್ಲಿ ಮ್ಯಾನ್‌ಹ್ಯಾಟನ್, ಬ್ರೂಕ್ಲಿನ್, ಕ್ವೀನ್ಸ್ ಮತ್ತು ಬ್ರಾಂಕ್ಸ್‌ಗಳ 1966ರಿಂದ ಈಚಿನ ಪತ್ರಗಳು ಸಿಗುತ್ತವೆ. ಸ್ಟೇಟನ್ ಐಲೆಂಡಿಗೆ ಮಾತ್ರ ರಿಚ್ಮಂಡ್ ಕೌಂಟಿ ಕ್ಲರ್ಕ್ ಬಳಿ ಹೋಗಬೇಕು. ಕ್ಯಾಲಿಫೋರ್ನಿಯದ ಅನೇಕ ಕೌಂಟಿಗಳು ಸೂಚಿಯನ್ನಷ್ಟೇ, ಅಂದರೆ ಹೆಸರು, ದಿನಾಂಕ, ಪತ್ರದ ಬಗೆ ಮತ್ತು ದಾಖಲೆ ಸಂಖ್ಯೆಯನ್ನಷ್ಟೇ ತೋರಿಸಿ, ಪತ್ರದ ಪ್ರತಿಗಾಗಿ ಕಚೇರಿಗೆ ಬರಲು ಅಥವಾ ಶುಲ್ಕ ಕಟ್ಟಿ ತರಿಸಿಕೊಳ್ಳಲು ಹೇಳುತ್ತವೆ.

ಇಲ್ಲಿ ನಮ್ಮವರನ್ನು ವಿಶೇಷವಾಗಿ ಕಾಡುವ ತೊಡಕೊಂದಿದೆ. ಹೆಚ್ಚಿನ ಕೌಂಟಿಗಳ ಸೂಚಿ ಕೊಟ್ಟವರ ಮತ್ತು ಪಡೆದವರ ಹೆಸರಿನ ಮೇಲೆ ನಿಂತಿದೆ, ಜಮೀನಿನ ಮೇಲೆ ಅಲ್ಲ. ಜಮೀನನ್ನೇ ಆಧರಿಸಿದ ಸೂಚಿ ಇರುವುದು ಯೂಟಾ, ಒಕ್ಲಹೋಮ, ಉತ್ತರ ಡಕೋಟಾಗಳಂಥ ಕೆಲವೇ ರಾಜ್ಯಗಳಲ್ಲಿ. ಕನ್ನಡಿಗರ ಹೆಸರುಗಳೋ ಕುಲನಾಮದ (ಸರ್‌ನೇಮ್) ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ಊರಿನ ಹೆಸರೂ ತಂದೆಯ ಹೆಸರೂ ಮೊದಲಕ್ಷರಗಳಾಗಿ ಮುಂದೆ ಕುಳಿತಿರುತ್ತವೆ. ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿ ಬರೆದು ಕೊನೆಗೆ ಹೋಗಿರುತ್ತವೆ. ಮಂಜುನಾಥ ಎಂಬ ಸ್ವಂತ ಹೆಸರೇ ಒಂದು ಪತ್ರದಲ್ಲಿ ಕುಲನಾಮವಾಗಿ, ಇನ್ನೊಂದರಲ್ಲಿ ತಂದೆಯ ಹೆಸರಾದ ರಾಮಯ್ಯ ಕುಲನಾಮವಾಗಿ ದಾಖಲಾಗಿರಬಹುದು. ಇಂಗ್ಲಿಷ್ ಬರಹದಲ್ಲಿ ಕೊನೆಯ 'ಎ' ಅಕ್ಷರ ಇದ್ದರೂ ಇಲ್ಲದಿದ್ದರೂ, 'ಟಿ' ಪಕ್ಕದಲ್ಲಿ 'ಎಚ್' ಬಂದರೂ ಬಿಟ್ಟರೂ ಸೂಚಿಯ ಕಣ್ಣಿಗೆ ಅವರು ಬೇರೆ ವ್ಯಕ್ತಿಗಳು. ಆದ್ದರಿಂದ ಒಂದು ಬಾರಿ ಹುಡುಕಿ ಸಿಗಲಿಲ್ಲವೆಂದರೆ ಪತ್ರವಿಲ್ಲವೆಂದು ತಿಳಿಯಬಾರದು. ಹೆಸರಿನ ಎಲ್ಲ ಭಾಗಗಳನ್ನೂ ಒಂದೊಂದಾಗಿ ಕುಲನಾಮದ ಜಾಗದಲ್ಲಿಟ್ಟು, ಪತಿ ಪತ್ನಿ ಇಬ್ಬರ ಹೆಸರಿನಲ್ಲೂ, ಟ್ರಸ್ಟ್ ಇದ್ದರೆ ಟ್ರಸ್ಟಿನ ಹೆಸರಿನಲ್ಲೂ ಹುಡುಕಬೇಕು. ಮನೆ ಮಾರಿದವರ ಹೆಸರು ನೆನಪಿದ್ದರೆ ಕೊಟ್ಟವರ ಕಡೆಯಿಂದ ಹುಡುಕುವುದು ಎಷ್ಟೋ ಸಲ ಬೇಗ ಫಲ ಕೊಡುತ್ತದೆ.

ಆಸ್ತಿ ತೆರಿಗೆಗಾಗಿ ಬೆಲೆ ಕಟ್ಟುವ ಅಸೆಸರ್ ಕಚೇರಿಯ ತಾಣದಲ್ಲಿ ಮನೆಯ ವಿಳಾಸ ಕೊಟ್ಟರೆ ಪಾರ್ಸೆಲ್ ಸಂಖ್ಯೆಯೂ (ಆ ನಿವೇಶನದ ಗುರುತು ಸಂಖ್ಯೆ), ಕೆಲವು ಕೌಂಟಿಗಳಲ್ಲಿ ಕೊನೆಯ ವರ್ಗಾವಣೆಯ ದಾಖಲೆ ಸಂಖ್ಯೆಯೂ ಸಿಗುತ್ತವೆ. ಆ ಸಂಖ್ಯೆ ಹಿಡಿದು ರೆಕಾರ್ಡರ್ ಸೂಚಿಗೆ ಬಂದರೆ ಹೆಸರಿನ ತೊಡಕನ್ನು ದಾಟಬಹುದು. ಆದರೆ ಅಸೆಸರ್ ಪುಟದಲ್ಲಿ ಕಾಣುವುದು ತೆರಿಗೆ ಯಾರ ಹೆಸರಿಗೆ ಎಂಬುದಷ್ಟೇ. ಖಾತೆಯಲ್ಲಿ ಹೆಸರಿದ್ದಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲವೆಂದು ಕರ್ನಾಟಕದಲ್ಲಿ ನಾವು ತಿಳಿದಿರುವ ಮಾತು ಇಲ್ಲಿಗೂ ಸಲ್ಲುತ್ತದೆ.

ಕೌಂಟರಿಗೆ ಹೋಗುವುದರ ಲಾಭವೆಂದರೆ ಅಲ್ಲಿನ ಗಣಕದಲ್ಲಿ ಪತ್ರದ ಪುಟಗಳನ್ನೇ ನೋಡಬಹುದು, ಜಾಲಕ್ಕೆ ಏರದ ಹಳೆಯ ಸಂಪುಟಗಳನ್ನೂ ಮೈಕ್ರೋಫಿಲ್ಮನ್ನೂ ಕೇಳಬಹುದು, ಮುದ್ರೆಯೊತ್ತಿದ ದೃಢೀಕೃತ ನಕಲನ್ನು ಅಂದೇ ಪಡೆಯಬಹುದು. ಸಿಬ್ಬಂದಿ ಹುಡುಕುವ ಬಗೆಯನ್ನು ತೋರಿಸುತ್ತಾರೆ, ಆದರೆ ಪತ್ರದ ಅರ್ಥವನ್ನು ವಿವರಿಸುವುದಿಲ್ಲ. ಕಾನೂನು ಸಲಹೆ ಕೊಡುವುದಕ್ಕೆ ಅವರಿಗೆ ಅವಕಾಶವಿಲ್ಲ. ಮೂಲಪತ್ರ ಕಳೆದುಹೋಗಿದೆ ಎಂದು ಗಾಬರಿಯಾಗುವವರಿಗೆ ಒಂದು ಮಾತು ಹೇಳಬೇಕು. ಊರಿನಲ್ಲಿ ಮೂಲಪತ್ರವಿಲ್ಲದೆ ಸಾಲವೂ ಇಲ್ಲ, ಮಾರಾಟವೂ ಕಷ್ಟ. ಇಲ್ಲಿ ದಾಖಲಾದ ಡೀಡಿನ ದೃಢೀಕೃತ ನಕಲು ಬಹುತೇಕ ಎಲ್ಲ ಕೆಲಸಕ್ಕೂ ಸಾಕು, ಬ್ಯಾಂಕು ಮೂಲಪತ್ರವನ್ನು ಒತ್ತೆ ಇಟ್ಟುಕೊಳ್ಳುವುದೂ ಇಲ್ಲ. ಮನೆ ಕೊಂಡ ಕೆಲವು ವಾರಗಳಲ್ಲಿ ಸರ್ಕಾರಿ ನೋಟಿಸಿನಂತೆ ಕಾಣುವ ಪತ್ರವೊಂದು ಅಂಚೆಯಲ್ಲಿ ಬಂದು, ಡೀಡಿನ ನಕಲಿಗೆ ನೂರು ಡಾಲರಿನ ಆಸುಪಾಸು ಕೇಳುವುದುಂಟು. ಅದನ್ನು ಕಳಿಸುವವರು ಖಾಸಗಿ ವ್ಯಾಪಾರಿಗಳು. ಅದೇ ನಕಲು ಕೌಂಟಿಯಲ್ಲಿ ಸಾಮಾನ್ಯವಾಗಿ ಕೆಲವೇ ಡಾಲರುಗಳಿಗೆ ಸಿಗುತ್ತದೆ.

ಮೂರನೆಯ ದಾರಿ ಟೈಟಲ್ ಕಂಪನಿ. ಕರ್ನಾಟಕದಲ್ಲಿ ಉಪನೋಂದಣಿ ಕಚೇರಿಯೇ ಋಣಭಾರ ಪತ್ರ ಕೊಡುತ್ತದೆ. ಇಂಥ ಆಸ್ತಿಯ ಮೇಲೆ ಇಷ್ಟು ವರ್ಷಗಳಲ್ಲಿ ಇಂಥ ವ್ಯವಹಾರಗಳು ನಡೆದಿವೆಯೆಂದು ಸಾರಿ ಹೇಳುವ ಅಂಥ ಪತ್ರವನ್ನು ಅಮೆರಿಕದ ಕೌಂಟಿಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಆ ಜಾಗವನ್ನು ಟೈಟಲ್ ಕಂಪನಿಯ ವರದಿ ಮತ್ತು ವಿಮೆ ತುಂಬುತ್ತವೆ. ರೆಕಾರ್ಡರ್ ಸೂಚಿಯ ಜೊತೆಗೆ ಪ್ರೊಬೇಟ್ ಕೋರ್ಟಿನ ಉತ್ತರಾಧಿಕಾರದ ಕಡತ, ಫೆಡರಲ್ ಕೋರ್ಟಿನ ದಿವಾಳಿ ಕಡತ, ತೆರಿಗೆ ಬಾಕಿ ಇವನ್ನೂ ಅವರು ನೋಡುತ್ತಾರೆ. ಇವೆಲ್ಲ ಒಂದೇ ಕಚೇರಿಯಲ್ಲಿ ಇರುವುದಿಲ್ಲ. ಇಲ್ಲೂ ಒಂದು ವ್ಯತ್ಯಾಸ ಗಮನಿಸಬೇಕು: ಬರಿಯ ಶೋಧ ವರದಿಯಲ್ಲಿ ತಪ್ಪಿದ್ದರೆ ಕಂಪನಿಯ ಹೊಣೆ ಬಹಳ ಸೀಮಿತ, ವಿಮಾ ಪಾಲಿಸಿ ಕೊಂಡಿದ್ದರೆ ಮಾತ್ರ ಅದರ ಷರತ್ತುಗಳೊಳಗೆ ನಷ್ಟ ತುಂಬಿಕೊಡುವ ಹೊಣೆ ಅವರದು.

ಆದ್ದರಿಂದ ನನ್ನ ತೂಗುವಿಕೆ ಹೀಗಿದೆ. ಸಾಲ ತೀರಿದ ಮೇಲೆ ದಾಖಲಾಗಬೇಕಾದ ರಿಕನ್ವೇಯನ್ಸ್ ಪತ್ರ ಬಂದಿದೆಯೇ ಎಂದು ನೋಡಲು ಜಾಲತಾಣದ ಸೂಚಿ ಸಾಕು. ಸ್ವಂತ ಮನೆಯ ಡೀಡಿನ ನಕಲಿಗೆ ಕೌಂಟರಾಗಲಿ ಅಂಚೆಯಾಗಲಿ ಸಾಕು. ಆದರೆ ಪರಿಚಿತರಿಂದ ಬ್ಯಾಂಕ್ ಸಾಲವಿಲ್ಲದೆ ಕೊಳ್ಳುವಾಗ ಅಥವಾ ಹರಾಜಿನಲ್ಲಿ ಕೊಳ್ಳುವಾಗ, ತಾವೇ ಹುಡುಕಿ ತೃಪ್ತರಾಗುವುದು ಅಪಾಯಕರ. ಸಾಲ ಕೊಡುವ ಬ್ಯಾಂಕು ಒತ್ತಾಯಿಸುವಲ್ಲಿ ಎಲ್ಲರೂ ವಿಮೆ ಮಾಡಿಸುತ್ತಾರೆ. ಒತ್ತಾಯಿಸುವವರಿಲ್ಲದ ಈ ಸಂದರ್ಭಗಳಲ್ಲೇ ಅದು ಹೆಚ್ಚು ಬೇಕಾಗುವುದು.

ದಾಖಲಿಸುವ ದಾರಿಗಳು

ಇಲ್ಲಿ ಕೌಂಟರ್, ಅಂಚೆ ಮತ್ತು ವಿದ್ಯುನ್ಮಾನ ದಾಖಲಾತಿ ಎಂಬ ಮೂರು ಆಯ್ಕೆಗಳಿವೆ. ಸ್ವತಃ ಪತ್ರ ಸಿದ್ಧಪಡಿಸಿಕೊಂಡವರು ಹತ್ತಿರದಲ್ಲಿದ್ದರೆ ಕೌಂಟರಿಗೇ ಹೋಗಬೇಕೆಂದು ನಾನು ಹೇಳುತ್ತೇನೆ. ಪುಟದ ಮೇಲ್ಭಾಗದ ಬಲಗಡೆ ಕಚೇರಿಯ ಮುದ್ರೆಗೆ ಬಿಡಬೇಕಾದ ಜಾಗ, ಎಡಗಡೆ ಪತ್ರ ಮರಳಿಸಬೇಕಾದ ವಿಳಾಸ, ತೆರಿಗೆ ಬಿಲ್ಲು ಎಲ್ಲಿಗೆ ಹೋಗಬೇಕೆಂಬ ಸಾಲು, ನೋಟರಿಯ ಮುದ್ರೆಯ ಸ್ಪಷ್ಟತೆ ಇವುಗಳಲ್ಲಿ ಯಾವುದು ತಪ್ಪಿದ್ದರೂ ಅಲ್ಲೇ ತಿಳಿಯುತ್ತದೆ. ಅಂಚೆಯಲ್ಲಿ ಕಳಿಸಿದರೆ ಅದೇ ಸಣ್ಣ ತಪ್ಪಿಗೆ ಪತ್ರ ವಾರಗಳ ನಂತರ ತಿರಸ್ಕೃತವಾಗಿ ಮರಳಬಹುದು, ಆ ಅವಧಿಯಲ್ಲಿ ಪತ್ರ ದಾಖಲಾಗಿರುವುದಿಲ್ಲ. ವಿದ್ಯುನ್ಮಾನ ದಾಖಲಾತಿಗೆ ಕ್ಯಾಲಿಫೋರ್ನಿಯ 2004ರಲ್ಲೇ ಕಾನೂನು ಮಾಡಿತು, ಅದೇ ವರ್ಷ ಇತರ ರಾಜ್ಯಗಳಿಗೂ ಮಾದರಿ ಕಾನೂನೊಂದು ಸಿದ್ಧವಾಯಿತು. ಇದು ಅತ್ಯಂತ ವೇಗದ ದಾರಿ. ಆದರೆ ಸಾಮಾನ್ಯವಾಗಿ ಟೈಟಲ್ ಕಂಪನಿ, ವಕೀಲರು ಅಥವಾ ಅನುಮತಿ ಪಡೆದ ಮಧ್ಯವರ್ತಿ ಸಂಸ್ಥೆಗಳ ಮೂಲಕವೇ ಹೋಗಬೇಕು, ಅವರ ಶುಲ್ಕ ಪ್ರತ್ಯೇಕ. ದೂರದ ರಾಜ್ಯದಲ್ಲಿ ಬಾಡಿಗೆ ಮನೆ ಇಟ್ಟುಕೊಂಡವರಿಗೆ ಆ ಶುಲ್ಕ ಕೊಡುವುದು ಲಾಭಕರವೇ ಸರಿ.

ವೇಗ ನಿಜವಾಗಿ ಮುಖ್ಯವಾಗುವುದು ಮರಣಾನಂತರ ವರ್ಗಾವಣೆಯ ಡೀಡಿನಲ್ಲಿ. ಪ್ರೊಬೇಟ್, ಅಂದರೆ ಉತ್ತರಾಧಿಕಾರದ ಕೋರ್ಟು ಪ್ರಕ್ರಿಯೆ, ಇಲ್ಲದೆ ಮನೆ ಮಕ್ಕಳಿಗೆ ಸೇರುವಂತೆ ಮಾಡುವ ಈ ಪತ್ರಕ್ಕೆ ಟೆಕ್ಸಸ್‌ನಲ್ಲಿ 2015ರಿಂದ, ಕ್ಯಾಲಿಫೋರ್ನಿಯದಲ್ಲಿ 2016ರಿಂದ ಅವಕಾಶವಿದೆ. ಕ್ಯಾಲಿಫೋರ್ನಿಯದಲ್ಲಿ ನೋಟರಿಯ ಮುಂದೆ ಸಹಿಯಾದ 60 ದಿನಗಳೊಳಗೆ ಅದು ದಾಖಲಾಗಬೇಕು, 2022ರಿಂದ ಇಬ್ಬರು ಸಾಕ್ಷಿಗಳ ಸಹಿಯೂ ಬೇಕು. ಟೆಕ್ಸಸ್‌ನಲ್ಲಿ ಮಾಲೀಕರು ತೀರಿಕೊಳ್ಳುವ ಮೊದಲೇ ದಾಖಲಾಗಿರಬೇಕು. ತಡವಾದರೆ ಪತ್ರವೇ ನಿರರ್ಥಕವಾಗುವ ಈ ಸಂದರ್ಭದಲ್ಲಿ ಅಂಚೆಯನ್ನು ನಂಬಬಾರದು.

ಖರ್ಚಿನ ವಿಷಯದಲ್ಲಿ ರಾಜ್ಯಗಳ ನಡುವೆ ದೊಡ್ಡ ಅಂತರವಿದೆ. ಕ್ಯಾಲಿಫೋರ್ನಿಯದಲ್ಲಿ ಮೊದಲ ಪುಟಕ್ಕೆ 10 ಡಾಲರ್, ನಂತರದ ಪ್ರತಿ ಪುಟಕ್ಕೆ 3 ಡಾಲರ್ ಮೂಲ ಶುಲ್ಕವಾಗಿದ್ದು, ಕೌಂಟಿಗಳ ಸಣ್ಣ ಸಣ್ಣ ಸೇರ್ಪಡೆಗಳ ಜೊತೆಗೆ 2018ರಿಂದ ವಸತಿ ನಿಧಿಗಾಗಿ ಪ್ರತಿ ಪತ್ರಕ್ಕೆ 75 ಡಾಲರಿನಂತೆ, ಒಂದು ವ್ಯವಹಾರಕ್ಕೆ ಒಂದು ಪಾರ್ಸೆಲ್ಲಿಗೆ 225 ಡಾಲರ್ ಮೀರದಂತೆ ವಸೂಲಿಯಾಗುತ್ತದೆ. ಸ್ವಂತ ವಾಸದ ಮನೆಯ ವರ್ಗಾವಣೆಗೆ ಇದರಿಂದ ವಿನಾಯಿತಿಯಿದೆ. ಆದರೆ ವಿನಾಯಿತಿಯ ಕಾರಣವನ್ನು ಪತ್ರದಲ್ಲೇ ನಮೂದಿಸಬೇಕು. ಮಾರಾಟವಾದರೆ ಸಾವಿರ ಡಾಲರಿಗೆ 1.10 ಡಾಲರ್ ವರ್ಗಾವಣೆ ತೆರಿಗೆ, ಅಂದರೆ 15 ಲಕ್ಷ ಡಾಲರಿನ ಮನೆಗೆ 1,650 ಡಾಲರ್ ಕಟ್ಟಬೇಕು. ಕೆಲವು ನಗರಗಳ ತೆರಿಗೆ ಇದರ ಮೇಲೆ. ಮಾಲೀಕತ್ವ ಬದಲಾವಣೆಯ ಪ್ರಾಥಮಿಕ ವರದಿಯನ್ನು ಲಗತ್ತಿಸದಿದ್ದರೆ ಇನ್ನೂ 20 ಡಾಲರ್. ಟೆಕ್ಸಸ್‌ನಲ್ಲಿ ವರ್ಗಾವಣೆ ತೆರಿಗೆಯೇ ಇಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ವಿನಾಯಿತಿಯಿರುವ ವರ್ಗಾವಣೆಗೂ ಎಕ್ಸೈಸ್ ಎಂದು ಕರೆಯುವ ಆಸ್ತಿ ಮಾರಾಟ ತೆರಿಗೆಯ ಪ್ರಮಾಣಪತ್ರವನ್ನು ಸಲ್ಲಿಸಿದ ಮೇಲಷ್ಟೇ ಡೀಡ್ ದಾಖಲಾಗುತ್ತದೆ.

ಪತ್ರದ ಒಳಗೆ ಎರಡು ವಿಷಯಗಳಲ್ಲಿ ಎಚ್ಚರ ಬೇಕು. ನಮ್ಮ ಕ್ರಯಪತ್ರದ ಷೆಡ್ಯೂಲಿನಲ್ಲಿ ಚೆಕ್ಕುಬಂದಿ ಇರುವಂತೆ ಇಲ್ಲಿ ಲಾಟ್, ಬ್ಲಾಕ್, ನಕ್ಷೆಯ ಪುಸ್ತಕ ಮತ್ತು ಪುಟಗಳನ್ನು ಹೇಳುವ ಕಾನೂನು ವಿವರಣೆ ಇರುತ್ತದೆ. ಅದನ್ನು ಹಿಂದಿನ ಡೀಡಿನಿಂದ ಅಕ್ಷರವೂ ಬದಲಾಗದಂತೆ ಎತ್ತಿಕೊಳ್ಳಬೇಕು, ಬೀದಿಯ ವಿಳಾಸ ಅದಕ್ಕೆ ಬದಲಿಯಾಗುವುದಿಲ್ಲ. ಹಿಂದಿನ ಡೀಡಿನಲ್ಲಿ ಹೆಸರು ಹೇಗಿತ್ತೋ ಹಾಗೆಯೇ ಕೊಡುವವರ ಹೆಸರನ್ನೂ ಬರೆಯಬೇಕು, ಹೆಸರು ಬದಲಾಗಿದ್ದರೆ ಎರಡನ್ನೂ ನಮೂದಿಸಬೇಕು. ಇಲ್ಲವಾದರೆ ಸೂಚಿಯಲ್ಲಿ ಹಕ್ಕಿನ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಇನ್ನು ಡೀಡಿನ ಬಗೆ. ಕ್ವಿಟ್‌ಕ್ಲೇಮ್ ಎಂಬುದು ನಮ್ಮ ಹಕ್ಕುಬಿಡುಗಡೆ ಪತ್ರದ ಹಾಗೆ, ಇದ್ದ ಹಕ್ಕನ್ನು ಬಿಟ್ಟುಕೊಡುತ್ತದೆಯೇ ಹೊರತು ಹಕ್ಕಿತ್ತೆಂದು ಭರವಸೆ ಕೊಡುವುದಿಲ್ಲ. ವಿಚ್ಛೇದನದಲ್ಲಿ ಒಬ್ಬರ ಹೆಸರು ತೆಗೆಯಲು ಅದು ಸಾಕು. ಟ್ರಸ್ಟಿಗೆ ವರ್ಗಾಯಿಸಲು ಹಕ್ಕಿನ ಬಗ್ಗೆ ಭರವಸೆ ಕೊಡುವ ಕ್ಯಾಲಿಫೋರ್ನಿಯದ ಗ್ರಾಂಟ್ ಡೀಡ್ ಅಥವಾ ಟೆಕ್ಸಸ್‌ನ ವಾರಂಟಿ ಡೀಡ್ ಮೇಲು, ಹಳೆಯ ಟೈಟಲ್ ವಿಮೆ ಮುಂದುವರಿಯುತ್ತದೆಯೇ ಎಂದು ವಿಮಾ ಕಂಪನಿಯನ್ನು ಮೊದಲೇ ಕೇಳಿಕೊಳ್ಳಬೇಕು.

ಊರಿನಲ್ಲಿದ್ದಾಗ ಸಹಿ ಮಾಡುವುದು

ಕೆಲಸ ಬಿಟ್ಟು ಮೈಸೂರಿಗೋ ಹುಬ್ಬಳ್ಳಿಗೋ ಮರಳಿದ ಮೇಲೆ ಅಮೆರಿಕದ ಮನೆಯ ಪತ್ರಕ್ಕೆ ಸಹಿ ಬೇಕಾದಾಗ ನಾಲ್ಕು ದಾರಿಗಳಿವೆ. ಅಮೆರಿಕದ ದೂತಾವಾಸದ ಅಧಿಕಾರಿಯ ಮುಂದೆ ಸಹಿ ಮಾಡುವುದು ಮೊದಲನೆಯದು; ಪ್ರತಿ ಮುದ್ರೆಗೆ 50 ಡಾಲರ್ ಶುಲ್ಕ, ಮುಂಗಡ ಸಮಯ ನಿಗದಿ ಬೇಕು, ಕರ್ನಾಟಕದವರಿಗೆ ರೂಢಿಯ ದಾರಿ ಚೆನ್ನೈ. ಕೌಂಟಿಗಳು ತಕರಾರಿಲ್ಲದೆ ಒಪ್ಪುವ ದೃಢೀಕರಣ ಇದು. ಎರಡನೆಯದು, ಊರಿನ ನೋಟರಿಯ ಮುಂದೆ ಸಹಿ ಮಾಡಿ, ರಾಜ್ಯ ಸರ್ಕಾರದ ದೃಢೀಕರಣ ಪಡೆದು, ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ವಿದೇಶದಲ್ಲಿ ಮಾನ್ಯವಾಗುವ ದೃಢೀಕರಣ ಮುದ್ರೆ) ಹಚ್ಚಿಸುವುದು. ಇಂಥ ಮುದ್ರೆಯನ್ನು ಪರಸ್ಪರ ಮಾನ್ಯ ಮಾಡುವ ಹೇಗ್ ಒಪ್ಪಂದದಲ್ಲಿ ಭಾರತ 2005ರಿಂದ ಇರುವುದರಿಂದ ಇದಕ್ಕೆ ಮಾನ್ಯತೆಯಿದೆ. ಅಪೋಸ್ಟಿಲ್ ಇಲ್ಲದ ಬರಿಯ ಸ್ಥಳೀಯ ನೋಟರಿ ಮುದ್ರೆಯನ್ನು ನೆಚ್ಚಿಕೊಂಡು ಪತ್ರ ಕಳಿಸಬಾರದು. ಮೂರನೆಯದು ವೀಡಿಯೋ ಮೂಲಕ ಅಮೆರಿಕದ ನೋಟರಿಯ ಮುಂದೆ ಸಹಿ ಮಾಡುವುದು. ವರ್ಜೀನಿಯ 2012ರಲ್ಲಿ ಆರಂಭಿಸಿದ ಈ ಪದ್ಧತಿ ಈಗ ಅನೇಕ ರಾಜ್ಯಗಳಲ್ಲಿದೆ. ಗುರುತು ಪರೀಕ್ಷೆಗೆ ಅಮೆರಿಕದ ಸಾಲದ ಇತಿಹಾಸದಿಂದ ಪ್ರಶ್ನೆಗಳನ್ನು ಕೇಳುವುದುಂಟಾದ್ದರಿಂದ ಅಲ್ಲಿ ಎಂದೂ ವಾಸಿಸದ ತಂದೆತಾಯಿಗಳಿಗೆ ಇದು ಒದಗುವುದು ಕಷ್ಟ. ನಾಲ್ಕನೆಯದು, ಹೊರಡುವ ಮೊದಲೇ ನಂಬಿಕಸ್ಥರಿಗೆ ಆ ಮನೆಯ ಪಾರ್ಸೆಲ್ ಸಂಖ್ಯೆ ನಮೂದಿಸಿದ ಮುಖ್ತ್ಯಾರನಾಮೆ ಬರೆದುಕೊಟ್ಟು, ಅದನ್ನು ಅದೇ ಕೌಂಟಿಯಲ್ಲಿ ದಾಖಲಿಸುವುದು.

ಮಾರಾಟ ಖಚಿತವಾಗಿದ್ದರೆ ನಾಲ್ಕನೆಯದನ್ನೂ, ಊರಿಗೆ ಬಂದ ಮೇಲೆ ಹಠಾತ್ತನೆ ಅಗತ್ಯ ಬಿದ್ದರೆ ದೂತಾವಾಸವನ್ನೂ ನಾನು ಸೂಚಿಸುತ್ತೇನೆ. ಚೆನ್ನೈಗೆ ಪ್ರಯಾಣ ಮಾಡಲಾರದ ವೃದ್ಧರಿಗೆ ಅಪೋಸ್ಟಿಲ್ ದಾರಿಯೇ ಗತಿ, ಅದಕ್ಕೆ ಹೆಚ್ಚು ಕಾಲಾವಕಾಶ ಇಟ್ಟುಕೊಳ್ಳಬೇಕು. ಯಾವುದನ್ನು ಆರಿಸಿದರೂ ದೃಢೀಕರಣದ ಒಕ್ಕಣೆ ಆ ರಾಜ್ಯಕ್ಕೆ ಒಪ್ಪುವಂತಿದೆಯೇ ಎಂದು ಸಹಿಗೆ ಮೊದಲೇ ಟೈಟಲ್ ಕಂಪನಿಗೆ ಕರಡನ್ನು ಕಳಿಸಿ ಕೇಳಬೇಕು. ಮರಣ ಪ್ರಮಾಣಪತ್ರದಂಥ ದಾಖಲೆ ಕನ್ನಡದಲ್ಲಿ ಮಾತ್ರ ಇದ್ದರೆ ಪ್ರಮಾಣೀಕೃತ ಇಂಗ್ಲಿಷ್ ಭಾಷಾಂತರವನ್ನೂ ಜೊತೆಗಿಡಬೇಕು.

ದಾಖಲಾದ ಮೇಲೆ ಮೂಲಪತ್ರ ಅಂಚೆಯಲ್ಲಿ ಮನೆಗೆ ಬರುತ್ತದೆ. ಅದು ಬಂದಿತೆಂದು ಸುಮ್ಮನಾಗದೆ ಸೂಚಿಯಲ್ಲಿ ಹೆಸರು ಸರಿಯಾಗಿ ಏರಿದೆಯೇ ಎಂದು ನೋಡಿ, ಪತ್ರದಲ್ಲೇ ತಪ್ಪಿದ್ದರೆ ತಿದ್ದುಪಡಿ ಡೀಡ್ ಮಾಡಿಸಿ, ಸೂಚಿಯಲ್ಲಿ ಮಾತ್ರ ತಪ್ಪಿದ್ದರೆ ಕಚೇರಿಗೆ ಬರೆದು ಸರಿಪಡಿಸಿಕೊಳ್ಳಬೇಕು. ನಿಮ್ಮ ಹೆಸರಿನಲ್ಲಿ ಹೊಸ ಪತ್ರವೇನಾದರೂ ದಾಖಲಾದರೆ ಇಮೇಲ್ ಮೂಲಕ ತಿಳಿಸುವ ಉಚಿತ ಎಚ್ಚರಿಕೆ ಸೇವೆ ಅನೇಕ ಕೌಂಟಿಗಳಲ್ಲಿದೆ. ಅದಕ್ಕೆ ಸೇರುವಾಗ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವ ಒಂದೇ ರೂಪದಲ್ಲಿ ಕೊಡದೆ, ಡೀಡಿನಲ್ಲಿರುವ ರೂಪವನ್ನೂ ಕುಲನಾಮ ಹಿಂದುಮುಂದಾದ ರೂಪವನ್ನೂ ಬೇರೆ ಬೇರೆಯಾಗಿ ಸೇರಿಸುವುದು ಒಳ್ಳೆಯದು.